ಕೀಡೆ ಮತ್ತು ಕುಂಡಲಿಗ

ನಮ್ಮ ಶಾಸ್ತ್ರಗ್ರಂಥಗಳಲ್ಲಿ ಮತ್ತೆ ಮತ್ತೆ ಉದಾಹೃತವಾಗುವ ಲೌಕಿಕ ನ್ಯಾಯಗಳಲ್ಲಿ ಭ್ರಮರಕೀಟ ನ್ಯಾಯವೆಂಬುದು ಒಂದು. ಭ್ರಮರವು ಕೀಟವೊಂದನ್ನು ಹಿಡಿದು ತಂದು ತನ್ನ ಮಣ್ಣಿನ ಗೂಡಿನಲ್ಲಿರಿಸಿ ಬಾಯಿ ಮುಚ್ಚುತ್ತದೆ. ಒಳಗಿರುವ ಕೀಟವು ಭಯದಿಂದಲೋ ಪ್ರೀತಿಯಿಂದಲೋ ಅನವರತವೂ ಭ್ರಮರವನ್ನೇ ಧ್ಯಾನಿಸುತ್ತ ಕಡೆಗೆ ತಾನೇ ಭ್ರಮರವಾಗಿ ಗೂಡನ್ನೊಡೆದು ಹಾರಿಹೋಗುತ್ತದೆ ಎಂಬುದು ಅದರ ಭಾವ. ಭಾಗವತದ ಅವಧೂತನು ತನ್ನ ಇಪ್ಪತ್ತನಾಲ್ಕು ಗುರುಗಳ ಸಾಲಿನಲ್ಲಿ ಈ ಗೂಡು ಕಟ್ಟುವ ಹುಳುವನ್ನೂ ಸೇರಿಸಿದ್ದಾನೆ. ಜೀವವು ಬ್ರಹ್ಮವಾಗುವ ಬಗೆಯನ್ನು ತಿಳಿಸಲು ವೇದಾಂತಿಗಳು ಇದನ್ನೇ ಆಶ್ರಯಿಸಿದರು. ನಮ್ಮ ಶರಣರು ಭಕ್ತನು ಶಿವನೇ ಆಗುವ ಪರಿಯನ್ನು ಹೇಳುವಾಗ ಸಂಸ್ಕೃತ ರೂಪಗಳನ್ನು ಬದಿಗಿರಿಸಿ, ಜನರ ನಾಲಗೆಯ ಮೇಲಿದ್ದ ಎರಡು ಮಾತುಗಳನ್ನು ಎತ್ತಿಕೊಂಡರು. ಗೂಡು ಕಟ್ಟುವುದು ಕುಂಡಲಿಗ. ಗೂಡಿನೊಳಗೆ ಬೀಳುವುದು ಕೀಡೆ. ಬಸವಣ್ಣನವರ ವಚನವೊಂದರಲ್ಲಿ ಈ ಎರಡೂ ಪದಗಳು ಜೊತೆಯಾಗಿ ಬಂದಿರುವುದನ್ನು ವಚನಾಭ್ಯಾಸಿಗಳು ಬಲ್ಲರು.

ಈ ಸಂಪುಟಕ್ಕೆ ಸಾಹಿತ್ಯ ವಿಷಯಕವಾದ ಲೇಖನವೊಂದನ್ನು ಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆ ಮಾಡಿದಾಗ ನಾನು ಹಿಡಿದು ಹೊರಟದ್ದು ಈ ಎರಡು ಪದಗಳನ್ನೇ. ಅವು ನನ್ನನ್ನು ಪುಸ್ತಕದ ಕಪಾಟಿನಿಂದ ಎರೆಹೊಲಕ್ಕೆ ಕರೆದೊಯ್ದವು. ಆದಕಾರಣ ಇಲ್ಲಿ ಸಾಹಿತ್ಯಕ್ಕಿಂತ ಹುಳುವಿನ ವಿಚಾರವೇ ಹೆಚ್ಚಾಗಿದ್ದರೆ ಸಹೃದಯರು ಮನ್ನಿಸಬೇಕು.

ಕುಂಡಲಿಗ ಎಂಬ ಮಾತು ಇಂದು ಹೆಚ್ಚಾಗಿ ನಿಘಂಟಿನಲ್ಲಿ ವಾಸಿಸುತ್ತಿದೆ. ಕೀಟ ಶಬ್ದದ ತದ್ಭವವಾದ ಕೀಡೆಗಾದರೋ ಆ ದುರ್ಗತಿ ಬಂದಿಲ್ಲ. ನಮ್ಮ ಸೀಮೆಯ ಯಾವ ರೈತನನ್ನು ಕೇಳಿದರೂ ತೊಗರಿಯ ಕಾಯನ್ನು ಕೊರೆದು ತಿನ್ನುವ ಹುಳುವಿಗೆ ಅವನು ಹೇಳುವ ಹೆಸರು ಕೀಡಿ. ಕೃಷಿ ಇಲಾಖೆಯವರು ಅದನ್ನು ಕಾಯಿಕೊರಕವೆನ್ನುತ್ತಾರೆ. ಶಾಸ್ತ್ರಜ್ಞರು ಹೆಲಿಕೋವರ್ಪಾ ಆರ್ಮಿಜೆರಾ ಎನ್ನುತ್ತಾರೆ. ಹನ್ನೆರಡನೆಯ ಶತಮಾನದ ಅನುಭಾವಿಗಳ ಬಾಯಲ್ಲಿದ್ದ ಪದವು ಎಂಟು ನೂರು ವರ್ಷಗಳ ಮೇಲೂ ಒಕ್ಕಲಿಗನ ಬಾಯಲ್ಲಿ ಜೀವಂತವಾಗಿರುವುದನ್ನು ಕಂಡು ಭಾಷಾಭ್ಯಾಸಿಯಾದವನು ಹಿಗ್ಗಬೇಕು. ಆದರೆ ರೈತನು ಆ ಪದವನ್ನು ಉಚ್ಚರಿಸುವ ಧ್ವನಿಯನ್ನು ಕೇಳಿದವನಿಗೆ ಹಿಗ್ಗುವುದು ಕಷ್ಟ.

ಕಲಬುರಗಿಯ ಸೀಮೆಯನ್ನು ತೊಗರಿಯ ಕಣಜವೆಂದು ಕರೆಯುವುದು ರೂಢಿ. ೨೦೧೯ರಲ್ಲಿ ಇಲ್ಲಿಯ ತೊಗರಿ ಬೇಳೆಗೆ ಭೌಗೋಳಿಕ ಸೂಚಿಯ ಮನ್ನಣೆಯೂ ದೊರೆಯಿತು. ಕಣಜವೆಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥಗಳಿವೆಯಷ್ಟೆ: ಧಾನ್ಯ ತುಂಬುವ ಕಣಜ ಒಂದು, ಕುಟುಕುವ ಕಣಜ ಇನ್ನೊಂದು. ಕುಂಡಲಿಗನು ಈ ಎರಡನೆಯ ಕಣಜದ ಕುಲಕ್ಕೆ ಸೇರಿದವನು. ಶ್ಲೇಷಪ್ರಿಯರಾದ ಕವಿಗಳಿಗೆ ಒಳ್ಳೆಯ ಸಾಮಗ್ರಿಯಿದು. ಆದರೆ ಒಂದು ಕಣಜ ತುಂಬುವುದು ಇನ್ನೊಂದು ಕಣಜದ ಉಳಿವನ್ನು ಎಷ್ಟರಮಟ್ಟಿಗೆ ನೆಚ್ಚಿಕೊಂಡಿದೆಯೆಂಬುದು ನಮಗೆ ತಿಳಿದದ್ದು ಶ್ಲೇಷದಿಂದಲ್ಲ, ೧೯೯೭ರಿಂದ.

ಆಗ ನಾನು ಶ್ರೀಮಠದ ಶಾಲೆಗೆ ಹೊಸದಾಗಿ ಬಂದ ಅಧ್ಯಾಪಕ. ನನ್ನ ಅಣ್ಣನವರು ಊರಿನಲ್ಲಿ ಹನ್ನೆರಡು ಎಕರೆ ಎರೆಭೂಮಿಯನ್ನು ನೋಡಿಕೊಂಡಿದ್ದರು. ಮುಂಗಾರಿನಲ್ಲಿ ಬಿತ್ತಿದ ತೊಗರಿ ದೀಪಾವಳಿಯ ಹೊತ್ತಿಗೆ ಆಳೆತ್ತರ ಬೆಳೆದು ಹಳದಿ ಹೂವಿನಿಂದ ತುಂಬಿ ನಿಂತಿತ್ತು. ಕಾರ್ತಿಕದಲ್ಲಿ ಮೋಡ ಮುಸುಕಿತು. ಅಕಾಲದ ಮಳೆಯೂ ಬಂತು. ಮೋಡದ ದಿನಗಳ ಬೆನ್ನಿಗೇ ಕೀಡೆ ಬರುವುದೆಂದು ಹಿರಿಯರು ಹೇಳುತ್ತಾರೆ, ಹಾಗೆಯೇ ಆಯಿತು. ಈ ಹುಳುವಿನ ತಾಯಿ ಕಂದುಬಣ್ಣದ ಒಂದು ಸಾಧಾರಣ ಪತಂಗ. ರಾತ್ರಿಯಲ್ಲಿ ಹಾರಾಡುತ್ತ ಮೊಗ್ಗು, ಹೂ, ಎಳೆಗಾಯಿಗಳ ಮೇಲೆ ಒಂದೊಂದಾಗಿ ನೂರಾರು ಮೊಟ್ಟೆಗಳನ್ನಿಡುತ್ತದೆ. ಮೂರು ನಾಲ್ಕು ದಿನಗಳಲ್ಲಿ ಮೊಟ್ಟೆಯೊಡೆದು ಬಂದ ಮರಿ ಮೊದಲು ಹೂವನ್ನು ಕೆರೆದು ತಿಂದು, ಬಲಿತ ಮೇಲೆ ಕಾಯಿಗೆ ರಂಧ್ರ ಕೊರೆದು, ತಲೆಯನ್ನು ಮಾತ್ರ ಒಳಗಿಟ್ಟು ದೇಹವನ್ನು ಹೊರಗೇ ಬಿಟ್ಟು, ಕಾಳನ್ನು ಬರಿದು ಮಾಡುತ್ತದೆ. ಎರಡು ಮೂರು ವಾರ ಹೀಗೆ ಉಂಡು ನೆಲಕ್ಕಿಳಿದು ಮಣ್ಣಿನಲ್ಲಿ ಕೋಶವಾಗಿ ಮತ್ತೆ ಪತಂಗವಾಗಿ ಏಳುತ್ತದೆ. ಹೀಗೆ ತಿಂಗಳೊಂದರಲ್ಲಿ ಒಂದು ತಲೆಮಾರು ಮುಗಿಯುತ್ತದೆ. ತೊಗರಿಯಷ್ಟನ್ನೇ ತಿನ್ನುವ ವ್ರತವೇನೂ ಅದಕ್ಕಿಲ್ಲ. ಕಡಲೆ, ಹತ್ತಿ, ಸೂರ್ಯಕಾಂತಿ, ಟೊಮೆಟೊ, ಜೋಳದ ತೆನೆ, ಎಲ್ಲವೂ ಅದಕ್ಕೆ ಪ್ರಸಾದವೇ.

ಅಣ್ಣನವರು ಎಣ್ಣೆ ಹೊಡೆದರು. ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣೆಯೆಂದು ಹೆಸರು, ಕೆಲವರು ಔಷಧವೆನ್ನುತ್ತಾರೆ. ಬಳೆ ಒಡೆದರೆ ಹೆಚ್ಚಿತು ಎನ್ನುವ ಜನ ನಾವು. ಅಮಂಗಳವನ್ನು ಮಂಗಳವಾದ ಮಾತಿನಿಂದ ಮುಚ್ಚುವುದು ನಮ್ಮ ಭಾಷೆಯ ಸ್ವಭಾವ. ಆದರೆ ವಿಷವನ್ನು ಔಷಧವೆಂದು ಕರೆದದ್ದರಿಂದ ಆದ ಹಾನಿಯನ್ನು ನೆನೆದರೆ ಈ ಒಂದು ಸೌಜನ್ಯವನ್ನು ಭಾಷೆ ಬಿಟ್ಟುಬಿಡಬಹುದಾಗಿತ್ತೆನಿಸುತ್ತದೆ. ಗೊಬ್ಬರದ ಅಂಗಡಿಯವರು ಉದ್ದರಿಯಲ್ಲಿ ಕೊಟ್ಟ ಮೊದಲ ಎಣ್ಣೆಗೆ ಕೀಡೆ ಸಾಯಲಿಲ್ಲ. ಎರಡನೆಯದನ್ನು ಕೊಟ್ಟರು. ಮೂರನೆಯ ಸಲ ಎರಡನ್ನೂ ಬೆರೆಸಿ ಹೊಡೆಯಲು ಹೇಳಿದರು. ಆರು ಸಲ ಹೊಡೆದದ್ದಾಯಿತು. ನಾನು ಅಮಾವಾಸ್ಯೆಗೆ ಊರಿಗೆ ಹೋದಾಗ ಅಣ್ಣನವರು ಹೊಲದ ಬದುವಿನ ಮೇಲೆ ಕುಳಿತಿದ್ದರು. "ತಮ್ಮಾ, ಎಣ್ಣಿ ಹೊಡದ ಮ್ಯಾಲೂ ಗಿಡಕ್ಕ ಇಪ್ಪತ್ತು ಕೀಡಿ ಅವ. ಜೇನು ಸತ್ತಾವ, ಕೀಡಿ ಸತ್ತಿಲ್ಲ" ಎಂದರು. ನೂರು ಚೀಲ ಎಣಿಸಿದ್ದ ಹೊಲದಲ್ಲಿ ಒಂಬತ್ತು ಚೀಲ ಬಂದವು. ಎತ್ತುಗಳನ್ನು ಮಾರಿ ಅಂಗಡಿಯ ಬಾಕಿಯನ್ನು ತೀರಿಸಿದರು.

ಸುಗ್ಗಿ ಮುಗಿದ ಮೇಲೆ ಭಕ್ತರು ತೊಗರಿಯನ್ನು ಬಂಡಿಯಲ್ಲಿ ಹೇರಿಕೊಂಡು ಬಂದು ಮಠದ ಕಣಜಕ್ಕೆ ಸುರಿಯುವುದು ತಲೆಮಾರುಗಳ ಪದ್ಧತಿ. ಪ್ರಸಾದ ನಿಲಯದ ಮಕ್ಕಳು ವರ್ಷವಿಡೀ ಉಣ್ಣುವ ಬೇಳೆ ಅದೇ; ಬಾಲ್ಯದಲ್ಲಿ ನಾನು ಉಂಡದ್ದೂ ಅದೇ. ಆ ವರ್ಷ ಬೆರಳೆಣಿಕೆಯ ಬಂಡಿಗಳು ಬಂದವು. ಬಂದವರಲ್ಲಿ ಒಬ್ಬರು ಅರ್ಧ ಚೀಲವನ್ನು ಇಳಿಸಿ, ತಲೆ ತಗ್ಗಿಸಿಕೊಂಡು, ಶ್ರೀಗಳವರ ದರ್ಶನಕ್ಕೂ ನಿಲ್ಲದೆ ಹೊರಟಿದ್ದರು. ಹಿರಿಯ ಪೂಜ್ಯರು ಅವರನ್ನು ಕರೆಸಿ ಪ್ರಸಾದಕ್ಕೆ ಕೂರಿಸಿದರು. ಈ ಸಲ ಯಾರನ್ನೂ ತೊಗರಿ ಕೇಳಬೇಡಿರೆಂದೂ ಮುಂದಿನ ಬಿತ್ತನೆಗೆ ಬೀಜವಿಲ್ಲದವರಿಗೆ ಕಣಜದಲ್ಲಿ ಉಳಿದುದನ್ನೇ ಅಳೆದು ಕೊಡಿರೆಂದೂ ಕಾರಭಾರಿಗಳಿಗೆ ಅಪ್ಪಣೆಯಾಯಿತು. ಆ ಬೇಸಗೆಯಲ್ಲಿ ನಮ್ಮ ಮಕ್ಕಳು ತೆಳುವಾದ ಸಾರನ್ನು ಉಂಡರು. ಒಬ್ಬರೂ ಗೊಣಗಲಿಲ್ಲವೆಂಬುದನ್ನು ಇಲ್ಲಿ ದಾಖಲಿಸಬೇಕು. ಅವರಲ್ಲಿ ಹಲವರು ಇಂದು ಈ ಸಂಪುಟದ ಓದುಗರಾಗಿರುವರು.

೧೯೯೭-೯೮ರ ಆ ಹಂಗಾಮಿನಲ್ಲಿ ಬೀದರ ಜಿಲ್ಲೆಯಿಂದ ರೈತರ ಆತ್ಮಹತ್ಯೆಯ ವಾರ್ತೆಗಳು ಬರತೊಡಗಿದವು. ನಮ್ಮೂರಿನಲ್ಲಿಯೂ ಒಂದು ಮನೆಯ ದೀಪ ಆರಿತು. ಕೀಡೆಗೆ ಹೊಡೆದು ಉಳಿದಿದ್ದ ಡಬ್ಬಿಯೇ ಅದಕ್ಕೆ ಸಾಧನವಾಯಿತು. ಅದರ ಬಗೆಗೆ ಹೆಚ್ಚು ಬರೆಯಲು ಲೇಖನಿ ಏಳದು. ಮುಂದೆ ಇಂತಹ ಸಾವುಗಳ ಕಾರಣವನ್ನು ಶೋಧಿಸಲು ರಾಜ್ಯ ಸರ್ಕಾರವು ನೇಮಿಸಿದ ತಜ್ಞ ಸಮಿತಿಯು ೨೦೦೨ರಲ್ಲಿ ವರದಿಯನ್ನೊಪ್ಪಿಸಿತು. ಅದರ ಅಧ್ಯಕ್ಷರಾಗಿದ್ದ ಡಾ. ಜಿ. ಕೆ. ವೀರೇಶರು ಮೂಲತಃ ಕೀಟಶಾಸ್ತ್ರಜ್ಞರು, ಬೇರು ತಿನ್ನುವ ಗೊಣ್ಣೆಹುಳುವಿನ ವಿಷಯದಲ್ಲಿ ದೊಡ್ಡ ವಿದ್ವಾಂಸರು. ಹುಳುವಿನ ಅಧ್ಯಯನದಲ್ಲಿ ತೊಡಗಿದವರು ಮನುಷ್ಯರ ಮರಣದ ಲೆಕ್ಕವನ್ನು ನೋಡಬೇಕಾದ ಕಾಲ ಬಂತು.

ಎಣ್ಣೆಗೆ ಕೀಡೆ ಏಕೆ ಸಾಯಲಿಲ್ಲ? ನಮ್ಮ ಶಾಲೆಯಲ್ಲಿ ಓದಿ, ಕೃಷಿ ಕಾಲೇಜು ಸೇರಿ, ಕೀಟಶಾಸ್ತ್ರದಲ್ಲಿಯೇ ಮೇಲಿನ ಪದವಿಗಳನ್ನು ಪಡೆದ ಶಿಷ್ಯರೊಬ್ಬರಿಂದ ನಾನು ಇದನ್ನು ಬಿಡಿಸಿ ಕೇಳಿದೆ. ೧೯೩೯ರಲ್ಲಿ ಸ್ವಿಟ್ಜರ್ಲೆಂಡಿನ ಪಾಲ್ ಮುಲ್ಲರ್ ಎಂಬಾತ ಡಿ.ಡಿ.ಟಿ.ಯ ಕೀಟಹರ ಗುಣವನ್ನು ಕಂಡುಹಿಡಿದಾಗ ಹುಳುಗಳ ಕಾಟ ಇನ್ನು ಮುಗಿಯಿತೆಂದು ಲೋಕ ಭಾವಿಸಿತು. ೧೯೪೮ರಲ್ಲಿ ಆತನಿಗೆ ನೊಬೆಲ್ ಪಾರಿತೋಷಕವೂ ಬಂತು. ಆದರೆ ಎಂತಹ ವಿಷವನ್ನು ಹೊಡೆದರೂ ಸಾವಿರಕ್ಕೊಂದು ಹುಳು ಹುಟ್ಟುಗುಣದಿಂದಲೇ ಅದನ್ನು ಅರಗಿಸಿಕೊಂಡು ಉಳಿಯುತ್ತದೆ. ಉಳಿದವುಗಳ ಸಂತಾನ ಉಳಿಯುವ ಗುಣವನ್ನೇ ಹೊತ್ತು ಹುಟ್ಟುತ್ತದೆ. ತಿಂಗಳಿಗೊಂದು ತಲೆಮಾರಾಗುವ ಜೀವಿಯಲ್ಲಿ ಈ ಆಯ್ಕೆ ಬಹುಬೇಗ ಪೂರ್ಣವಾಗುತ್ತದೆ. ೧೯೮೭ರಲ್ಲಿಯೇ ಆಂಧ್ರದ ಕರಾವಳಿಯ ಹತ್ತಿಯ ಸೀಮೆಯಲ್ಲಿ ಇದೇ ಕೀಡೆ ಆಗಿನ ಹೊಸ ವಿಷಗಳಿಗೂ ಬಗ್ಗದೆ ಹೊಲಗಳನ್ನು ಬರಿದು ಮಾಡಿತ್ತು. ಎರಡನೆಯ ಕಾರಣ ಇದಕ್ಕಿಂತ ಸೂಕ್ಷ್ಮವಾದುದು. "ಗುರುಗಳೇ, ಎಣ್ಣೆ ಹೊಡೆದಾಗ ಕೀಡೆ ಕಾಯಿಯೊಳಗಿರುತ್ತದೆ, ಅದರ ವೈರಿ ಹೊರಗಿರುತ್ತದೆ. ಮೊದಲು ಸಾಯುವುದು ವೈರಿ" ಎಂದರು ಆ ಶಿಷ್ಯರು. ಆ ವೈರಿ ಯಾರೆಂದು ಕೇಳಿದೆ. "ತಾವು ನಮಗೆ ಒಂಬತ್ತನೆಯ ತರಗತಿಯಲ್ಲಿ ಹೇಳಿಕೊಟ್ಟವನೇ. ಕುಂಡಲಿಗ."

ಮಾತನ್ನು ಅಷ್ಟಕ್ಕೇ ಬಿಡದೆ ಅವರು ಗ್ರಂಥಾಲಯದ ಕಿಟಕಿಯ ಚೌಕಟ್ಟಿನಲ್ಲಿದ್ದ, ಪುಟ್ಟ ಕುಡಿಕೆಯಂತಹ ಒಂದು ಮಣ್ಣಿನ ಗೂಡನ್ನು ಚೂರಿಯ ಮೊನೆಯಿಂದ ಬಿಡಿಸಿ ಬಿಳಿಯ ಕಾಗದದ ಮೇಲೆ ಇರಿಸಿದರು. ಒಳಗೆ ಏಳು ಹಸಿರು ಕೀಡೆಗಳಿದ್ದವು. ಅವು ಸತ್ತಿರಲಿಲ್ಲ, ಗರಿಕೆಯ ತುದಿಯಿಂದ ಮುಟ್ಟಿದರೆ ಮೈ ಮಿಸುಕುತ್ತಿತ್ತು, ಆದರೆ ಒಂದೂ ತೆವಳಲಾರದು. ಗೂಡಿನ ಮೇಲ್ಛಾವಣಿಯಿಂದ ಕೂದಲಿಗಿಂತಲೂ ನವುರಾದ ಎಳೆಯೊಂದು ಇಳಿಬಿದ್ದು ಅದರ ತುದಿಯಲ್ಲಿ ಒಂದು ಮೊಟ್ಟೆ ತೂಗುತ್ತಿತ್ತು. ಕುಂಡಲಿಗ, ಎಂದರೆ ವಾಸ್ತವದಲ್ಲಿ ತಾಯಿ ಕಣಜ, ಕೀಡೆಯನ್ನು ಕುಟುಕಿ ಅದರ ನರಗಳನ್ನು ಜಡಗೊಳಿಸಿ ತಂದು ತುಂಬುತ್ತದೆ. ಕೊಂದು ತಂದರೆ ಕೊಳೆತುಹೋದೀತು. ಹಾಗೆಯೇ ತಂದರೆ ಹೊರಳಾಡಿ ಮೊಟ್ಟೆಯನ್ನು ಅರೆದೀತು. ಮೊಟ್ಟೆಯಿಂದ ಹೊರಟ ಮರಿ ತೂಗಾಡುತ್ತಲೇ ಕೆಳಗಿನ ತಾಜಾ ಆಹಾರವನ್ನು ಒಂದೊಂದಾಗಿ ಉಂಡು ಬೆಳೆದು, ಕೋಶಕಟ್ಟಿ, ರೆಕ್ಕೆ ಬಲಿತು, ಗೂಡನ್ನು ಕೊರೆದು ಹಾರುತ್ತದೆ. ಹೊರಗೆ ನಿಂತು ನೋಡಿದವನಿಗೆ ಕಾಣುವುದಿಷ್ಟೆ: ಒಳಗೆ ಹೋದದ್ದು ಕೀಡೆ, ಹೊರಗೆ ಬಂದದ್ದು ಕುಂಡಲಿಗ.

ಕುಡಿಕೆಯೊಳಗನ್ನು ಹೀಗೆ ಲೋಕಕ್ಕೆ ತೋರಿಸಿದವರಲ್ಲಿ ಅಗ್ರಗಣ್ಯನು ಫ್ರಾನ್ಸಿನ ಝಾಂ ಆನ್ರಿ ಫಾಬ್ರ. ಆತನೂ ನಮ್ಮಂತೆಯೇ ಶಾಲೆಯ ಉಪಾಧ್ಯಾಯ, ಸಂಬಳ ಅಲ್ಪ, ಸಂಸಾರ ದೊಡ್ಡದು. ಬೇಟೆಗಾರ ಕಣಜವು ತಂದಿಟ್ಟ ಹುಳು ಸತ್ತದ್ದಲ್ಲ, ಜಡವಾದದ್ದು ಎಂದು ಆತ ೧೮೫೫ರಲ್ಲಿ ಪ್ರಕಟಿಸಿದ. ಕುಡಿಕೆ ಕಣಜದ ತೂಗುವ ಮೊಟ್ಟೆಯನ್ನು ವರ್ಣಿಸಿದವನೂ ಆತನೇ. ಇದೇ ಕುಲದ ಮತ್ತೊಂದು ಬಗೆಯ ಕಣಜಗಳು ಜೀವಂತ ಕೀಡೆಯ ಒಡಲೊಳಗೇ ಮೊಟ್ಟೆಯಿಡುವುದನ್ನು ನೆನೆದು, ಕರುಣಾಮಯನಾದ ದೇವರು ಇಂತಹದನ್ನು ಉದ್ದೇಶಪೂರ್ವಕವಾಗಿ ಸೃಷ್ಟಿಸಿದನೆಂದು ನಂಬಲು ತನ್ನಿಂದಾಗದೆಂದು ಚಾರ್ಲ್ಸ್ ಡಾರ್ವಿನ್ ೧೮೬೦ರಲ್ಲಿ ಮಿತ್ರನೊಬ್ಬನಿಗೆ ಕಾಗದ ಬರೆದನಂತೆ.

ಹಾಗಾದರೆ ಭ್ರಮರಕೀಟ ನ್ಯಾಯದ ಗತಿಯೇನು ಎಂದು ಕೆಲವರು ಕೇಳಬಹುದು. ಏನೂ ಆಗಿಲ್ಲ. ದೃಷ್ಟಾಂತವು ಏಕದೇಶದಲ್ಲಿ ಹೊಂದಿದರೆ ಸಾಕು, ಸರ್ವಾಂಶದಲ್ಲಿಯೂ ಹೊಂದಬೇಕಿಲ್ಲವೆಂಬುದು ಶಾಸ್ತ್ರಮರ್ಯಾದೆ. ಮುಖವನ್ನು ಚಂದ್ರನಿಗೆ ಹೋಲಿಸಿದವನನ್ನು ಚಂದ್ರನಲ್ಲಿ ಹಳ್ಳದಿಣ್ಣೆಗಳಿವೆಯೆಂದು ಯಾರೂ ತಡೆದು ನಿಲ್ಲಿಸುವುದಿಲ್ಲ. ನಾನು ಈ ನ್ಯಾಯವನ್ನು ಇಂದಿಗೂ ಪಾಠ ಹೇಳುತ್ತೇನೆ. ಪಾಠ ಮುಗಿದ ಮೇಲೆ ಕುಡಿಕೆಯನ್ನು ಒಡೆದೂ ತೋರಿಸುತ್ತೇನೆ. ಮೊದಲನೆಯದು ಶಿವನನ್ನು ಕುರಿತದ್ದು, ಎರಡನೆಯದು ತೊಗರಿಯನ್ನು ಕುರಿತದ್ದು. ಒಂದು ಮಾತನ್ನು ಮಾತ್ರ ಹೇಳಬೇಕು: ಉಪಮೆಯನ್ನು ಕಟ್ಟಿದ ಹಿರಿಯರು ಕೀಡೆಯನ್ನು ಹುಡುಕಿ ತರುವ ಕಣಜವನ್ನು ಕಣ್ಣಾರೆ ಕಂಡಿದ್ದರು. ಎಣ್ಣೆಯ ಪಂಪನ್ನು ಬೆನ್ನಿಗೇರಿಸಿದ ನಮ್ಮ ತಲೆಮಾರಿಗೆ ಅಷ್ಟೂ ಕಾಣಿಸಲಿಲ್ಲ.

ಕೀಟಗಳ ಶೋಧನೆ ನಮ್ಮ ನಾಡಿನಲ್ಲಿ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಕೆನಡಾ ದೇಶದ ಲೆಸ್ಲಿ ಕೋಲ್‌ಮನ್ ಎಂಬವರು ೧೯೦೮ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು, ಕುಂಞಿ ಕಣ್ಣನ್ ಅವರೊಡಗೂಡಿ ಜೋಳವನ್ನು ಮೇಯುವ ರೆಕ್ಕೆಯಿಲ್ಲದ ಮಿಡತೆಯನ್ನು ಕುರಿತು ಅಭ್ಯಾಸ ಮಾಡಿದರು. ಆ ಮಿಡತೆಗೆ ಶಾಸ್ತ್ರದಲ್ಲಿ ಕೋಲ್‌ಮಾನಿಯಾ ಎಂದು ಅವರದೇ ಹೆಸರು. ಜೋಳದ ಬೆಳೆಯನ್ನು ಹಾಳುಗೆಡಹುವ ಹುಳುವಿಗೆ ತನ್ನ ಹೆಸರಿಡುವುದನ್ನು ಗೌರವವೆಂದು ಸ್ವೀಕರಿಸುವವರು ಶಾಸ್ತ್ರಜ್ಞರು ಮಾತ್ರವೇ ಇರಬೇಕು! ೧೯೫೭ರಲ್ಲಿ ಬೆಂಗಳೂರಿನಲ್ಲಿ, ಹುಳುವಿನಿಂದಲೇ ಹುಳುವನ್ನು ಹತೋಟಿಗೆ ತರುವ ವಿದ್ಯೆಗಾಗಿ ಕಾಮನ್‌ವೆಲ್ತ್ ಸಂಸ್ಥೆಯೊಂದರ ಭಾರತೀಯ ಕೇಂದ್ರ ಆರಂಭವಾಯಿತು. ಇಂದು ಅಲ್ಲಿ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಕೇಂದ್ರವಿದೆ.

ಅಲ್ಲಿ ಸಾಕುವ ಕಣಜಗಳಲ್ಲಿ ಟ್ರೈಕೋಗ್ರಾಮಾ ಎಂಬುದು ಪ್ರಸಿದ್ಧ. ನಮ್ಮ ಕುಂಡಲಿಗನ ದೂರದ ದಾಯಾದಿ. ಗಾತ್ರ ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಇದು ಕೀಡೆಯ ತಂಟೆಗೇ ಹೋಗುವುದಿಲ್ಲ. ಪತಂಗದ ಮೊಟ್ಟೆಯೊಳಗೆ ತನ್ನ ಮೊಟ್ಟೆಯನ್ನಿಡುತ್ತದೆ. ಹೀಗಾಗಿ ಕೀಡೆ ಹುಟ್ಟುವುದೇ ಇಲ್ಲ. ಅಕ್ಕಿಯ ಪತಂಗದ ಮೊಟ್ಟೆಗಳನ್ನು ಕಾಗದದ ಚೀಟಿಗೆ ಅಂಟಿಸಿ ಅವುಗಳಲ್ಲಿ ಈ ಕಣಜವನ್ನು ಬೆಳೆಸುತ್ತಾರೆ. ಅಂಗೈಯಗಲದ ಒಂದು ಚೀಟಿಯಲ್ಲಿ ಹದಿನೆಂಟು ಇಪ್ಪತ್ತು ಸಾವಿರ ಮೊಟ್ಟೆಗಳಿರುತ್ತವೆ. ಚೀಟಿಯನ್ನು ಕತ್ತರಿಸಿ ಕಬ್ಬಿನ ಎಲೆಗಳ ಅಡಿಯಲ್ಲಿ ಸಿಕ್ಕಿಸಿದರೆ ಕಣಜಗಳು ಹೊರಟು ಸುಳಿಕೊರಕದ ಮೊಟ್ಟೆಗಳನ್ನು ಹುಡುಕಿಕೊಳ್ಳುತ್ತವೆ.

ಕಬ್ಬಿನ ಮಾತು ಬಂದುದರಿಂದ ೨೦೦೨ರ ಬ��ಳಿ ಉಣ್ಣೆಹೇನಿನ ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಮಹಾರಾಷ್ಟ್ರದ ಸಾಂಗಲಿಯ ಕಡೆ ಮೊದಲು ಕಾಣಿಸಿಕೊಂಡು ಅದೇ ವರ್ಷ ನಮ್ಮ ಬೆಳಗಾವಿ, ಬಾಗಲಕೋಟೆಯ ಗದ್ದೆಗಳಿಗೂ ಅದು ಹಬ್ಬಿತು. ಎಲೆಯ ಅಡಿಭಾಗ ಹತ್ತಿ ಮೆತ್ತಿದಂತೆ ಬೆಳ್ಳಗಾಗಿ, ರಸ ಹೀರಿದ ಕಬ್ಬು ಸೊರಗುತ್ತಿತ್ತು. ಆಳೆತ್ತರದ ಕಬ್ಬಿನೊಳಗೆ ಹೊಕ್ಕು ಎಣ್ಣೆ ಹೊಡೆಯುವುದು ಸುಲಭವಲ್ಲ, ಆದರೂ ಹೊಡೆದರು. ಕಡೆಗೆ ಆ ಹೇನನ್ನು ಬಗ್ಗಿಸಿದ್ದು ಡೈಫಾ ಎಂಬ ಪತಂಗದ ಕೀಡೆ ಮತ್ತು ಮೈಕ್ರೋಮಸ್ ಎಂಬ ನವುರುರೆಕ್ಕೆಯ ಕೀಟ. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಈ ಮೈಕ್ರೋಮಸ್ಸನ್ನು ಸಾಕುವ ಬಗೆಯನ್ನು ರೂಪಿಸಿದರು. ಗೆದ್ದಲಿನಂತೆ ಹಬ್ಬಿದ್ದ ಹೇನಿನ ನಡುವೆ ಹೇನನ್ನೇ ತಿನ್ನುವ ಒಂದು ಕೀಡೆ ಇತ್ತೆಂಬುದು ಗಮನಾರ್ಹ. ಕೀಡೆಗಳೆಲ್ಲ ಒಕ್ಕಲಿಗನ ವೈರಿಗಳಲ್ಲ.

ಇನ್ನೊಂದು ಪ್ರಸಂಗ ಇದಕ್ಕಿಂತಲೂ ಸ್ಪಷ್ಟವಾದುದು. ಮೆಕ್ಸಿಕೋ ಮೂಲದ ಪಪ್ಪಾಯಿಯ ಹಿಟ್ಟುತಿಗಣೆ ೨೦೦೮ರಲ್ಲಿ ಕೊಯಮತ್ತೂರಿನಲ್ಲಿ ಕಂಡಿತು. ಬೇಗನೆ ಹಿಪ್ಪುನೇರಳೆಗೂ ಹತ್ತಿತು. ಹಿಪ್ಪುನೇರಳೆಗೆ ವಿಷ ಹೊಡೆದರೆ ಆ ಸೊಪ್ಪನ್ನು ತಿಂದ ರೇಷ್ಮೆಹುಳು ಸಾಯುತ್ತದೆ. ಹೊಡೆಯದಿದ್ದರೆ ಸೊಪ್ಪೇ ಉಳಿಯದು. ಅಕ್ಕಮಹಾದೇವಿ ತನ್ನ ವಚನದಲ್ಲಿ ಚಿತ್ರಿಸಿದ, ತನ್ನ ನೂಲಿನಲ್ಲಿ ತಾನೇ ಸಿಕ್ಕಿಬೀಳುವ ರೇಷ್ಮೆಹುಳುವಿನ ಸ್ಥಿತಿ ಅದನ್ನು ಸಾಕುವವನಿಗೂ ಬಂತು. ೨೦೧೦ರಲ್ಲಿ ಬೆಂಗಳೂರಿನ ಕೇಂದ್ರದವರು ಅಮೆರಿಕೆಯ ಅಧೀನದಲ್ಲಿರುವ ಪೋರ್ಟೊರಿಕೊ ದ್ವೀಪದಿಂದ ಮೂರು ಜಾತಿಯ ಪುಟ್ಟ ಕಣಜಗಳನ್ನು ತರಿಸಿ, ಪರೀಕ್ಷಿಸಿ, ಬೆಳೆಸಿ, ಹೊಲಗಳಲ್ಲಿ ಬಿಟ್ಟರು. ಅವುಗಳಲ್ಲಿ ಒಂದಂತೂ ಕೆಲವೇ ತಿಂಗಳುಗಳಲ್ಲಿ ತಿಗಣೆಯನ್ನು ಅಡಗಿಸಿತು. ಇಷ್ಟು ದೊಡ್ಡ ಉಪಕಾರ ಮಾಡಿದ ಆ ಕಣಜಕ್ಕೆ ಒಂದು ಕನ್ನಡ ಹೆಸರನ್ನು ನಾವು ಇನ್ನೂ ಇಟ್ಟಿಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ನಾನು ಆ ಶಿಷ್ಯರನ್ನು ಕರೆದುಕೊಂಡು ಊರಿಗೆ ಹೋದೆ. ಅಣ್ಣನವರು ಮೊದಲು ಕೇಳಿದ್ದೇ, "ನಮ್ಮ ತೊಗರಿಗಿ ಆ ಚೀಟಿ ಯಾವಾಗ ಕಟ್ಟೋಣ್ರಿ?" ಎಂದು. ಶಿಷ್ಯರು ಮುಖ ನೋಡದೆ ನಿಜವನ್ನೇ ಹೇಳಿದರು. ತೊಗರಿಯ ಹೂಕುಂಡಿಗೆಯ ಮೇಲೂ ಕಾಯಿಯ ಮೇಲೂ ಅಂಟುರಸದ ನವುರು ರೋಮಗಳಿವೆ. ಟ್ರೈಕೋಗ್ರಾಮಾ ಅಲ್ಲಿ ನಡೆದಾಡಲಾರದು. ಜೋಳದ ತೆನೆಯ ಮೇಲೆ ಇದೇ ಪತಂಗದ ಮೊಟ್ಟೆಗಳನ್ನು ಧಾರಾಳವಾಗಿ ನಾಶಮಾಡುವ ಕಣಜ ಪಕ್ಕದ ತೊಗರಿಯ ಮೇಲೆ ಕೈಲಾಗದೆ ಕೂರುತ್ತದೆ. ಕಾಡುತೊಗರಿಯ ಕೆಲವು ಜಾತಿಗಳಲ್ಲಿ ಬೇರೆ ಬಗೆಯ ದಟ್ಟರೋಮವಿದ್ದು ಅದು ಕೀಡೆಯ ಮರಿಯನ್ನೇ ತಡೆಯುವುದನ್ನು ಪಟಾಣ್‌ಚೆರುವಿನ ಅಂತರರಾಷ್ಟ್ರೀಯ ಸಂಸ್ಥೆಯವರು ಕಂಡಿದ್ದಾರೆ. ಆ ಗುಣವನ್ನು ಊರತೊಗರಿಗೆ ತರುವುದು ದೀರ್ಘಕಾಲದ ಕೆಲಸ. ಅಣ್ಣನವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ನಮ್ಮಪ್ಪ ಮಾಡ್ತಿದ್ದಂಗ ಅಲಗಸೋದೇ ಛಲೋ" ಎಂದರು.

ಅದೂ ಶಾಸ್ತ್ರಸಮ್ಮತವೇ ಆಗಿತ್ತು. ತೊಗರಿಯ ಗಿಡವನ್ನು ಬುಡದಲ್ಲಿ ಹಿಡಿದು ಮೆಲ್ಲಗೆ ಅಲುಗಿಸಿದರೆ ದೊಡ್ಡ ಕೀಡೆಗಳು ಕಳಚಿ ಬೀಳುತ್ತವೆ. ಕೆಳಗೆ ಹಾಸಿದ ತಾಡಪತ್ರಿಯಲ್ಲಿ ಅವನ್ನು ಕೂಡಿಸಿ ಕೋಳಿಗೆ ಹಾಕಬಹುದು. ಮರೆತುಹೋಗಿದ್ದ ಈ ಕ್ರಮವನ್ನು ಆ ದುರ್ದಿನಗಳ ಅನಂತರ ಶಾಸ್ತ್ರಜ್ಞರೇ ಮತ್ತೆ ಹಳ್ಳಿಹಳ್ಳಿಗೆ ಹೇಳಿಕೊಂಡು ಬಂದರು. ಮೊಟ್ಟೆ ಮತ್ತು ಎಳೆಮರಿಗಳ ಹಂತದಲ್ಲಿ ಬೇವಿನ ಬೀಜದ ಕಷಾಯ, ಲೀಟರು ನೀರಿಗೆ ೫೦ ಗ್ರಾಂ ತಿರುಳಿನಂತೆ. ಬೇವಿನ ತಿರುಳಿನ ನೀರು ಹಾಕಿದ ಸೊಪ್ಪನ್ನು ಮಿಡತೆಯ ದಂಡೂ ಮುಟ್ಟುವುದಿಲ್ಲವೆಂದು ೧೯೬೨ರಲ್ಲಿಯೇ ದೆಹಲಿಯ ಕೃಷಿ ಸಂಶೋಧನ ಸಂಸ್ಥೆಯವರು ತೋರಿಸಿದ್ದರು. ಅನಂತರ ಕೀಡೆಗೆ ಮಾತ್ರ ತಗಲುವ ಒಂದು ನಂಜಾಣು, ಎನ್.ಪಿ.ವಿ. ಎಂದು ಅದರ ಹೆಸರು. ಅದು ತಗಲಿದ ಕೀಡೆ ಗಿಡದ ತುದಿಗೇರಿ ತಲೆಕೆಳಗಾಗಿ ಜೋತುಬಿದ್ದು ಕರಗಿಹೋಗುತ್ತದೆ. ಹಾಗೆ ರೋಗಬಿದ್ದ ೨೫೦ ಕೀಡೆಗಳ ಸಾರ ಒಂದು ಹೆಕ್ಟೇರಿಗೆ ಸಾಕು. ಬಿಸಿಲಿಗೆ ಅದು ಕೆಡುವುದರಿಂದ ಬೆಲ್ಲ ಕೂಡಿಸಿ ಸಂಜೆಯ ಹೊತ್ತು ಸಿಂಪಡಿಸಬೇಕು. ತೊಗರಿಯ ನಡುವೆ ಜೋಳದ ಅಕ್ಕಡಿ ಸಾಲನ್ನಿಟ್ಟರೆ ತೆನೆಯ ಮೇಲೆ ಕುಳಿತ ಹಕ್ಕಿಗಳು ಕೀಡೆಯನ್ನೂ ಹೆಕ್ಕುತ್ತವೆ. ಎಳ್ಳಮಾವಾಸ್ಯೆಯಂದು ಹೊಲದಲ್ಲಿ ಚರಗ ಚೆಲ್ಲುವ ಪದ್ಧತಿಯೂ ಹಕ್ಕಿಗಳನ್ನು ಕರೆಯಲೆಂದೇ ಹುಟ್ಟಿತೆಂದು ಈಚೆಗೆ ಕೆಲವರು ಬರೆಯುತ್ತಾರೆ. ನನಗೆ ಹಾಗೆನಿಸುವುದಿಲ್ಲ. ಭೂಮಿತಾಯಿಗೆ ಎಡೆಯೆಂದು ನಮ್ಮ ತಾಯಂದಿರು ಚೆಲ್ಲಿದರು. ಹಕ್ಕಿಗಳು ಬಂದದ್ದು ಅವುಗಳ ಪುಣ್ಯ. ಎಲ್ಲ ಆಚಾರಕ್ಕೂ ವಿಜ್ಞಾನದ ಮೊಹರು ಹಾಕಿಸಬೇಕಾದ ಅಗತ್ಯವಿಲ್ಲ.

ಕೀಡೆಯ ಕಥೆ ಇಷ್ಟಕ್ಕೆ ಮುಗಿಯುವುದೂ ಇಲ್ಲ. ೨೦೧೮ರ ಮೇ ತಿಂಗಳಲ್ಲಿ ಶಿವಮೊಗ್ಗದ ಕೃಷಿ ಕಾಲೇಜಿನ ಮೆಕ್ಕೆಜೋಳದಲ್ಲಿ ಅಮೆರಿಕದ ಸೈನಿಕಹುಳು ಭಾರತದಲ್ಲಿಯೇ ಮೊದಲ ಬಾರಿಗೆ ಕಂಡುಬಂತು. ಒಂದೆರಡು ವರ್ಷಗಳಲ್ಲಿ ದೇಶವನ್ನೆಲ್ಲ ಸುತ್ತಿತು. ಹತ್ತಿಯಲ್ಲಿ ೨೦೦೨ರಿಂದ ಬಿ.ಟಿ. ತಳಿ ಬಂದು ನಮ್ಮ ಹಳೆಯ ಕೀಡೆಯನ್ನು ತಡೆದರೂ ಗುಲಾಬಿ ಕಾಯಿಕೊರಕ ಆ ಬೇಲಿಯನ್ನು ದಾಟಿದೆ. ಶಿಷ್ಯರು ಈಗ ಮೆಕ್ಕೆಜೋಳದ ಹೊಲಗಳಲ್ಲಿ ತಿರುಗುತ್ತಿದ್ದಾರೆ.

ಅಣ್ಣನವರ ಹೊಲದಲ್ಲಿ ಎಣ್ಣೆ ಪೂರ್ತಿ ನಿಂತಿಲ್ಲ. ಆರು ಸಲದ ಬದಲು ಒಂದು ಸಲ, ಕೆಲವು ವರ್ಷ ಎರಡು ಸಲ ಆಗುತ್ತದೆ. ಉಳಿದಂತೆ ಮನೆಯವರೆಲ್ಲ ಸೇರಿ ಗಿಡ ಅಲುಗಿಸುತ್ತಾರೆ. ಮಠದ ಕಣಜಕ್ಕೆ ಅವರ ಎರಡು ಚೀಲ ತಪ್ಪಿಲ್ಲ. ಹೋದ ಕಾರ್ತಿಕದಲ್ಲಿ ಶಿಷ್ಯರ ಮಾತಿನಂತೆ, ಬಿದ್ದ ಕೀಡೆಗಳಲ್ಲಿ ಮಂಕಾಗಿ ಕಂಡ ಇಪ್ಪತ್ತನ್ನು ಕೋಳಿಗೆ ಹಾಕದೆ, ಎಳೆಗಾಯಿಗಳೊಂದಿಗೆ ಡಬ್ಬಿಯಲ್ಲಿಟ್ಟು ಮೇಲೆ ತೆಳುಬಟ್ಟೆ ಕಟ್ಟಿದ್ದರು. ಅವುಗಳ ಒಡಲಲ್ಲಿ ಬೇರೆ ಜೀವ ಬೆಳೆಯುತ್ತಿರಬಹುದು, ಅದನ್ನು ಉಳಿಸಿ ಹೊಲಕ್ಕೆ ಬಿಡಬೇಕು ಎಂದು ಸೂಚನೆಯಾಗಿತ್ತು. ಕೀಡೆಯಿಂದ ಕುಂಡಲಿಗನೇ ಹೊರಡುವನೆಂದು ನಾನು ಎರಡು ವಾರ ಕಾದೆ. ಒಂದು ಸಂಜೆ ಅಣ್ಣನವರ ಫೋನು ಬಂತು.

"ತಮ್ಮಾ, ಡಬ್ಬ್ಯಾಗ ಆರು ಹುಟ್ಟ್ಯಾವ. ಆದ್ರ ನಿನ್ನ ಕುಂಡಲಿಗ ಒಂದೂ ಇಲ್ಲ. ಎಲ್ಲಾ ನೊಣ."

ಶಿಷ್ಯರನ್ನು ವಿಚಾರಿಸಿದೆ. ಅವು ಮನೆಯ ನೊಣಗಳಲ್ಲವಂತೆ. ಮೈಮೇಲೆ ಬಿರುಗೂದಲಿರುವ ಬೇರೊಂದು ಕುಲ. ತೊಗರಿಯ ದೊಡ್ಡ ಕೀಡೆಯನ್ನು ಒಳಗಿನಿಂದ ತಿಂದು ಬೆಳೆಯುವುದು ಹೆಚ್ಚಾಗಿ ಈ ನೊಣವೇ, ಕಣಜವನ್ನು ಬೇಕೆಂದರೆ ಕಡಲೆಯ ಹೊಲದ ಎಳೆಕೀಡೆಗಳಲ್ಲಿ ನೋಡಬೇಕು ಎಂದರು. ಅದನ್ನು ಅಣ್ಣನವರಿಗೆ ತಿಳಿಸಿದೆ. ಮರುದಿನ ಬೆಳಗಾಗುತ್ತಲೇ ಅವರು ಡಬ್ಬಿಯನ್ನು ಹೊಲಕ್ಕೆ ಒಯ್ದು, ತೊಗರಿಯ ಸಾಲಿನ ನಡುವೆ ಬಟ್ಟೆಯನ್ನು ಬಿಚ್ಚಿದರಂತೆ.